ಒಂದೇ ಜಾಗ, ಮೂರು ಬ್ಯಾಲ್ ಅಂಕಿ

ಮೆಲ್ಬರ್ನ್‌ನಿಂದ ಪೂರ್ವಕ್ಕೆ ಹೋದರೆ ಡ್ಯಾಂಡಿನಾಂಗ್ ಬೆಟ್ಟಸಾಲು. ಅಲ್ಲಿನ ಎಮರಾಲ್ಡ್‌ನಲ್ಲಿ ಮನೆ ಕಟ್ಟಲು ಒಂದು ಎಕರೆ ಜಾಗ ಕೊಂಡೆವು. ಹಿಂದಿನ ಬೇಲಿಯಾಚೆ ಬರೀ ನೀಲಗಿರಿ ಕಾಡು. ತೀರ್ಥಹಳ್ಳಿ ಕಡೆಯವನಾದ ನನಗೆ ಕಾಡು ಪಕ್ಕದಲ್ಲಿದ್ದರೇ ಮನೆ ಅನ್ನಿಸುವುದು. ಹತ್ತಿರದ ಕಕಾಟೂನಲ್ಲಿ 1983ರ ಫೆಬ್ರುವರಿ 16ರಂದು ಕಾಳ್ಗಿಚ್ಚಿಗೆ ನೂರಾರು ಕಟ್ಟಡ ಸುಟ್ಟುಹೋಗಿದ್ದು ಗೊತ್ತಾದದ್ದು ದುಡ್ಡು ಕಟ್ಟಿದ ಮೇಲೆ.

ಇಂಥ ಕಡೆ ಕಟ್ಟಬೇಕೆಂದರೆ ಮೊದಲು 'ಬ್ಯಾಲ್' ಅಂಕಿ ಬೇಕು. ಕಾಡಿಗೆ ಬೆಂಕಿ ಬಿದ್ದರೆ ನಿಮ್ಮ ಗೋಡೆಗೆ ಎಷ್ಟು ಕಾವು ತಟ್ಟುತ್ತದೆ ಅನ್ನುವ ಲೆಕ್ಕ ಅದು. 12.5, 19, 29, 40, ಅದರ ಮೇಲೆ ಫ್ಲೇಮ್ ಝೋನ್, ಅಂದರೆ ಜ್ವಾಲೆಯೇ ಗೋಡೆಗೆ ತಟ್ಟುವ ಜಾಗ. ಮೆಟ್ಟಿಲು ಏರಿದಂತೆ ಖರ್ಚೂ ಏರುತ್ತದೆ.

ನಮ್ಮ ಜಾಗಕ್ಕೆ ಈ ಲೆಕ್ಕ ಮೂರು ಸಲ ಆಯಿತು. ಮೂರು ಸಲವೂ ಬೇರೆ ಬೇರೆ ಅಂಕಿ ಬಂತು.

ಮೊದಲನೆಯದು ನನ್ನದೇ. ಖರ್ಚು ಸೊನ್ನೆ, ಒಂದು ಶನಿವಾರ ಹೋಯಿತು. ವಿಕ್ಟೋರಿಯಾದ ಯೋಜನಾ ನಿಯಮ 53.02ರಲ್ಲಿ ಕೋಷ್ಟಕ ಇದೆ. ಯಾವ ಬಗೆಯ ಕಾಡು, ಇಳಿಜಾರು ಎಷ್ಟು, ಮನೆಯಿಂದ ದೂರ ಎಷ್ಟು ಅಂತ ನೋಡಿದರೆ ಅಂಕಿ ಸಿಗುತ್ತದೆ. ನಮ್ಮದು ದೊಡ್ಡ ಮರದ ಕಾಡು, ಸಮತಟ್ಟು ನೆಲ, 40 ಮೀಟರ್ ದೂರ. ಸಮತಟ್ಟಾಗಿದ್ದರೆ 35 ಮೀಟರ್‌ಗೇ ಬ್ಯಾಲ್-19. ಇಷ್ಟಕ್ಕೆ ಯಾರಿಗಾದರೂ ದುಡ್ಡು ಕೊಡಬೇಕಾ ಅಂತ ಬೀಗಿದೆ. ಎಡವಟ್ಟು ಏನಾಗಿತ್ತೆಂದರೆ, ನಾನು ಇಳಿಜಾರು ನೋಡಿದ್ದು ಮನೆ ಬರುವ ಜಾಗದಲ್ಲಿ. ನೋಡಬೇಕಾಗಿದ್ದು ಮರಗಳು ನಿಂತಿರುವ ನೆಲವನ್ನು.

ಎರಡನೆಯದು ಬಿಲ್ಡರ್ ಕಳಿಸಿದವನದು. 450 ಡಾಲರ್, ಎರಡು ಪುಟ. ಇಳಿಜಾರೇನೋ ಸರಿಯಾಗಿ ಹಿಡಿದಿದ್ದ. ಆದರೆ ಹಳೆ ಮಾಲೀಕರು ಬೇಲಿಯೊಳಗೆ ನೆಟ್ಟಿದ್ದ ಒಂದು ಸಾಲು ಓಕ್ ಮರಗಳನ್ನೂ ಕಾಡಿಗೆ ಸೇರಿಸಿಬಿಟ್ಟಿದ್ದ. 40 ಮೀಟರ್ ಹೋಗಿ 33 ಆಯಿತು, ಅಂಕಿ ಬ್ಯಾಲ್-40ಕ್ಕೆ ಹಾರಿತು. ಕಾರಿನಿಂದ ಇಳಿದಿದ್ದನೋ ಇಲ್ಲವೋ, ನನಗೆ ಈಗಲೂ ಅನುಮಾನ. ಜಾಸ್ತಿ ಬರೆದರೆ ಅವನಿಗೇನೂ ನಷ್ಟವಿಲ್ಲ, ಅಲ್ವಾ? ಬಿಲ್ಡರ್ ಕಡೆಯಿಂದ ಎರಡೇ ದಿನದಲ್ಲಿ ಹೊಸ ಕೊಟೇಶನ್ ಬಂತು. ಕಿಟಕಿಗೆ 6 ಮಿಲಿಮೀಟರ್ ಗಟ್ಟಿ ಗಾಜು, ಅಲ್ಯೂಮಿನಿಯಂ ಜಾಲರಿ ಬದಲು ಸ್ಟೀಲ್ ಜಾಲರಿ, ಹೀಗೆ ಪಟ್ಟಿ ಬೆಳೆದಿತ್ತು.

ಮೂರನೆಯದು ನಾನೇ ಹುಡುಕಿದ ತಜ್ಞೆಯದು. 2,900 ಡಾಲರ್. ಕೇಳಿ ಎದೆ ಧಸಕ್ಕೆಂದಿತು, ನಿಜ. ಆಕೆ ಮೂರು ಗಂಟೆ ಓಡಾಡಿದರು. ಬೇಲಿ ದಾಟಿ ಕಾಡಿನೊಳಗೆ ಇಳಿದು ಕೋನಮಾಪಕ ಹಿಡಿದು ಅಳೆದರು. ಮರಗಳ ಕೆಳಗೆ ನೆಲ ನಮ್ಮಿಂದ ಕೆಳಕ್ಕೆ 8 ಡಿಗ್ರಿ ಇಳಿಯುತ್ತಿತ್ತು. ಅಂದರೆ ಬೆಂಕಿ ನಮ್ಮ ಕಡೆಗೆ ಏರು ಹತ್ತಿ ಬರುತ್ತದೆ. 10 ಡಿಗ್ರಿ ಏರಿಗೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದಂತೆ.

ನಮ್ಮೂರಲ್ಲಿ ಬೆಂಕಿ ತರಗೆಲೆ ಹಿಡಿದು ನೆಲದಲ್ಲೇ ಹರಿಯುತ್ತದೆ, ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರಿಸುತ್ತಾರೆ ಅಂದೆ. ಆಕೆ ನಕ್ಕು ನೀಲಗಿರಿಯಿಂದ ನೇತಾಡುತ್ತಿದ್ದ ಉದ್ದುದ್ದ ತೊಗಟೆ ತೋರಿಸಿದರು. ಅದು ಉರಿಯುತ್ತಾ ಗಾಳಿಯಲ್ಲಿ ಹಾರಿ ಬೆಂಕಿಗಿಂತ ಎಷ್ಟೋ ಮೊದಲೇ ಮನೆ ಸೇರುತ್ತದೆ. ಕಿಟಕಿ ಜಾಲರಿಯ ಕಣ್ಣು 2 ಮಿಲಿಮೀಟರ್ ಮೀರಬಾರದು ಅನ್ನುವುದು ಇಂಥ ಕಿಡಿಗಳಿಗೇ.

ಓಕ್ ಸಾಲನ್ನು ಆಕೆ ಲೆಕ್ಕದಿಂದ ತೆಗೆದರು. ಒಂದೇ ಸಾಲು, ಕೆಳಗೆ ಸ್ವಚ್ಛ. ಆದರೆ ಎರಡು ಮರ ಕಡಿಯಿರಿ, ನೆತ್ತಿಗಳ ನಡುವೆ 5 ಮೀಟರ್ ಬಿಡಬೇಕು ಅಂದರು. ಈಗ ಅಂಕಿ ಬ್ಯಾಲ್-29. ಈ ಇಳಿಜಾರಿಗೆ ಅದಕ್ಕೆ 39 ಮೀಟರ್ ಬೇಕು, ನಮ್ಮಲ್ಲಿ 40 ಇತ್ತು. ಒಂದೇ ಮೀಟರ್‌ನಲ್ಲಿ ಬಚಾವಾದೆವು!

ಆಮೇಲೆ ಕೇಳಿದರು: "ಮನೆಯನ್ನು ರಸ್ತೆ ಕಡೆ 13 ಮೀಟರ್ ಸರಿಸ್ತೀರಾ?" 53 ಮೀಟರ್ ಆದರೆ ಬ್ಯಾಲ್-19. ನಕ್ಷೆಯಲ್ಲಿ ಒಂದು ಗೆರೆ ಸರಿಸುವುದು, ಅಷ್ಟೇ. ನನಗಾಗಲೀ ಬಿಲ್ಡರ್‌ನ ಮನುಷ್ಯನಿಗಾಗಲೀ ಇದು ಹೊಳೆದಿರಲಿಲ್ಲ. ಇಬ್ಬರೂ ಮನೆ ಅಲ್ಲೇ ಇರುತ್ತದೆ ಅಂದುಕೊಂಡು ಅಂಕಿ ಹುಡುಕಿದ್ದೆವು. ಕೊನೆಗೆ ನಾನು ಹೇಳಿದ ಅಂಕಿಯೇ ಬಂತು, ಮನೆ ಮಾತ್ರ ನಾನು ಹೇಳಿದ ಜಾಗದಲ್ಲಿಲ್ಲ. ಮನೆ ಮುಂದೆ ಮಲ್ಲಿಗೆ ಚಪ್ಪರ ಹಾಕುವ ಆಸೆಯಿದ್ದ ಹೆಂಡತಿಗೆ ಇನ್ನೂ ಮುನಿಸಿದೆ.

ಎಲ್ಲರೂ 2,900 ಡಾಲರ್ ಕೊಡಬೇಕು ಅಂತೇನೂ ಇಲ್ಲ. ಸುತ್ತ ಹುಲ್ಲುಗಾವಲು, ನೆಲ ನಿಜಕ್ಕೂ ಸಮ ಅಂತಾದರೆ ಅಗ್ಗದ ವರದಿಯೇ ಸಾಕು. ಕಾಡು, ಇಳಿಜಾರು ಎರಡೂ ಇದ್ದರೆ ನಾನು ಮತ್ತೆ ಆಕೆಗೇ ಫೋನ್ ಮಾಡುತ್ತೇನೆ. ಬಿಪಿಎಡಿ, ಅಂದರೆ ಕಾಳ್ಗಿಚ್ಚು ಲೆಕ್ಕದ ತಜ್ಞರಿಗೆ ಕೊಡುವ ಮಾನ್ಯತೆ, ಇದೆಯಾ, ಯಾವ ಲೆವೆಲ್ ಅಂತ ಮೊದಲೇ ಕೇಳಿ. ಲೆವೆಲ್ 1ರವರು ಸರಳ ಬ್ಯಾಲ್ ಲೆಕ್ಕ ಮಾಡುತ್ತಾರೆ. ಕೋಷ್ಟಕಕ್ಕೆ ಕೂರದ ಜಾಗವಿದ್ದರೆ ಲೆವೆಲ್ 3ರವರು ಬೇಕು. ಜಾಗ ನೋಡದೆ ಫೋನಲ್ಲೇ ಅಂಕಿ ಹೇಳುವವರು ಮಾತ್ರ ಸುತರಾಂ ಬೇಡ.

ಅಂದಹಾಗೆ, ಬೆಂಕಿಗಾಗಿಯೇ 10,000 ಲೀಟರ್ ನೀರಿನ ಟ್ಯಾಂಕ್ ಇರಬೇಕು, ಅದಕ್ಕೆ ಅಗ್ನಿಶಾಮಕದವರ ಪೈಪಿಗೆ ಹೊಂದುವ 64 ಮಿಲಿಮೀಟರ್ ಜೋಡಣೆ ಬೇಕು ಅನ್ನುವುದೂ ಆಕೆಯ ವರದಿಯಲ್ಲಿ ಮಾತ್ರ ಇತ್ತು. ಹೋದ ವಾರ ಟ್ಯಾಂಕ್ ಬಂತು. ಮಲ್ಲಿಗೆ ಚಪ್ಪರದ ಜಾಗದಲ್ಲೇ ಇಳಿಸಿದ್ದಾರೆ.