ಕೈರೋ, ಬಾಗ್ದಾದ್, ಫೆಸ್: ಅರಬ್ ಸಂಗೀತವನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ಬಹ್ರೇನಿನ ರಾಜಧಾನಿ ಮನಾಮಾಕ್ಕೆ ಬಂದ ಹೊಸತರಲ್ಲಿ ಅರಬ್ ಸಂಗೀತ ಕೇಳಬೇಕು ಅಂತ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳುತ್ತಿದ್ದರು: ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆಮೇಲೆ ಬಾಗ್ದಾದಿನ ಸಂಗೀತ ಕಿವಿಗೆ ಬಿತ್ತು, ಅದರ ಹಿಂದೆ ಮೊರಾಕ್ಕೊದ್ದು. ಮೂರನ್ನೂ ಒಂದೊಂದು ತಿಂಗಳು ಕೇಳಿ ನೋಡೋಣ ಅಂದುಕೊಂಡೆ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಒಂದು ಗಂಟೆ, ಬೇರೇನೂ ಮಾಡದೆ. ಚಿಕ್ಕಂದಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು ನಾನು. ಅಂಥ ಕಿವಿಗೆ ಮೂರರಲ್ಲಿ ಯಾವುದು ಬೇಗ ಒಗ್ಗುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಬಹ್ರೇನಿನದೇ ಆದ ಫಿಜಿರಿಯನ್ನು ಇಲ್ಲಿ ಸೇರಿಸಿಲ್ಲ. ಮುತ್ತು ತೆಗೆಯುವ ಹಡಗಿನವರ ಹಾಡು ಅದು. ಚಪ್ಪಾಳೆ, ಚರ್ಮವಾದ್ಯಗಳ ಜೊತೆ ಜಹ್ಲಾ ಎಂಬ ಮಣ್ಣಿನ ಕೊಡವನ್ನೂ ಬಾರಿಸುತ್ತಾರೆ. ನಮ್ಮ ಘಟ ನೆನಪಾಗುತ್ತದೆ. ಆದರೆ ಅದು ಕೂತು ಕೇಳುವ ಕಛೇರಿಯಲ್ಲ, ಅದರ ದಾರಿಯೇ ಬೇರೆ.

ಮೊದಲ ತಿಂಗಳು ಕೈರೋ. ಉಮ್ ಕುಲ್ಸುಮ್ ತೀರಿಕೊಂಡದ್ದು 1975ರಲ್ಲಿ. ದಶಕಗಳ ಕಾಲ, ಕಛೇರಿಗಳ ಋತುವಿನಲ್ಲಿ ತಿಂಗಳ ಮೊದಲ ಗುರುವಾರ ರಾತ್ರಿ ಅವರ ಹಾಡು ರೇಡಿಯೊದಲ್ಲಿ ನೇರ ಪ್ರಸಾರವಾಗುತ್ತಿತ್ತು. ಒಂದು ಹಾಡು ಒಂದು ಗಂಟೆ ಮೀರಿದ್ದೂ ಉಂಟು. ಏಕೆ ಅಷ್ಟು ಹೊತ್ತು ಅಂತ ಮೊದಲು ಅರ್ಥವಾಗಲಿಲ್ಲ. ಒಂದು ಸಾಲನ್ನು ಹಾಡುತ್ತಾರೆ, ಜನ 'ಅಲ್ಲಾಹ್' ಅನ್ನುತ್ತಾರೆ, ಅದೇ ಸಾಲಿಗೆ ಮತ್ತೆ ಬರುತ್ತಾರೆ. ಪ್ರತಿ ಸಲವೂ ಬೇರೆ ತಿರುವು, ಬೇರೆ ಕಡೆ ಒತ್ತು. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನಮ್ಮ ನೆರವಲ್ ಅಲ್ವಾ ಇದು! ಅದು ಹೊಳೆದ ಮೇಲೆ ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಕೇಳುಗರು ಮೈಮರೆಯುವ ಆ ಸ್ಥಿತಿಗೆ ಅರಬರು ತರಬ್ ಅನ್ನುತ್ತಾರೆ.

ಆದರೆ ಹೊಸಬರಿಗೆ ಇಲ್ಲೊಂದು ತೊಡಕಿದೆ. ಪ್ರಸಿದ್ಧವಾಗಿರುವುದೆಲ್ಲ 1950, 60ರ ದಶಕದ ದೊಡ್ಡ ವಾದ್ಯವೃಂದದ ಹಾಡುಗಳು. ಸಾಲುಸಾಲು ಪಿಟೀಲು, ಚೆಲ್ಲೊ. 1964ರಲ್ಲಿ ಸಂಗೀತ ಸಂಯೋಜಕ ಮೊಹಮ್ಮದ್ ಅಬ್ದುಲ್ ವಹಾಬ್ ಉಮ್ ಕುಲ್ಸುಮ್ ಅವರಿಗೆ ಮಾಡಿಕೊಟ್ಟ ಮೊದಲ ಹಾಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೂಡ ಇದೆ. ಕೇಳಲು ಭವ್ಯ. ಆದರೆ ಮಕಾಮ್, ಅಂದರೆ ಅವರ ರಾಗ, ಹೇಗೆ ಬೆಳೆಯುತ್ತಿದೆ ಅಂತ ಹಿಂಬಾಲಿಸಲು ಆ ಪಿಟೀಲುಗಳ ನಡುವೆ ನನಗೆ ಕಷ್ಟವಾಯಿತು.

ಇನ್ನೊಂದು ತೊಂದರೆ ಸ್ವರದ್ದು. ಒಂದು ದಿನ ಫೋನಿನಲ್ಲಿ ಅಮ್ಮ ಇದನ್ನು ಕೇಳಿಸಿಕೊಂಡು, "ಶ್ರುತಿ ಬಿಟ್ಟಿದೆ ಅಲ್ವಾ?" ಅಂದರು. ಬಿಟ್ಟಿರಲಿಲ್ಲ. ರಾಸ್ತ್ ಎಂಬ ಮಕಾಮಿನ ಗಾಂಧಾರ, ಅಂದರೆ ಮೂರನೇ ಸ್ವರ 'ಗ', ನಮ್ಮ ಸಾಧಾರಣ ಗಾಂಧಾರಕ್ಕಿಂತ ಮೇಲೆ, ಅಂತರ ಗಾಂಧಾರಕ್ಕಿಂತ ಕೆಳಗೆ ನಿಲ್ಲುತ್ತದೆ. ನಮ್ಮ ಹಾರ್ಮೋನಿಯಂನಲ್ಲಿ ಆ ಮನೆಯೇ ಇಲ್ಲ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು. ಯುರೋಪಿನಿಂದ ಸಂಗೀತ ಸಂಯೋಜಕ ಬೇಲಾ ಬಾರ್ಟೋಕ್ ಅಂಥವರೂ ಬಂದಿದ್ದರು. ಒಂದು ಸ್ಥಾಯಿಯನ್ನು, ಅಂದರೆ 'ಸ'ದಿಂದ ಮೇಲಿನ 'ಸ'ದವರೆಗಿನ ಅಂತರವನ್ನು, 24 ಸಮಪಾಲು ಮಾಡಬಹುದೇ ಅನ್ನುವುದು ಅಲ್ಲಿಯ ದೊಡ್ಡ ವಾದಗಳಲ್ಲೊಂದು. ಹಾಡುವವರ ಬಾಯಲ್ಲಿ ಆ ಗಾಂಧಾರ ಊರಿಂದ ಊರಿಗೆ ಸ್ವಲ್ಪ ಜರುಗುತ್ತದೆ. ಅದನ್ನು ಒಂದೇ ಅಳತೆಗೆ ಕಟ್ಟಿಹಾಕುವುದು ಹೇಗೆ?

ಅದೇ ಸಮ್ಮೇಳನಕ್ಕೆ ಇರಾಕಿನಿಂದ ಹಾಡುಗಾರ ಮೊಹಮ್ಮದ್ ಅಲ್ ಕುಬ್ಬಾಂಜಿ ಬಂದಿದ್ದರು. ಆಗ ಮಾಡಿದ ಅವರ ಧ್ವನಿಮುದ್ರಣಗಳಿಂದಲೇ ನನ್ನ ಎರಡನೇ ತಿಂಗಳು ಶುರುವಾಯಿತು. ಮೊದಲ ರಾತ್ರಿಯೇ ಇದು ನನ್ನದು ಅನಿಸಿತು.

ಇರಾಕಿ ಮಕಾಮ್ ಅಂದರೆ ಬರೀ ರಾಗವಲ್ಲ, ಆ ರಾಗದಲ್ಲಿ ಹೋಗಬೇಕಾದ ದಾರಿಯೂ ಅದರಲ್ಲೇ ಇದೆ. ಶುರುವಿಗೆ ತಹ್ರೀರ್, ಅಂದರೆ ಹೆಚ್ಚುಕಡಿಮೆ ಆಲಾಪನೆ. ಆಮೇಲೆ ಕವಿತೆ. ನಡುವೆ ಮಯಾನಾ ಬಂದಾಗ ದನಿ ಒಮ್ಮೆಲೇ ತಾರಸ್ಥಾಯಿಗೆ ಏರುತ್ತದೆ. ಕೊನೆಗೆ ತಸ್ಲೀಮ್, ಅದು ಇಳಿದು ಮನೆಗೆ ಬರುವುದು. ಇಷ್ಟಾದ ಮೇಲೆ ಪೆಸ್ತಾ ಅನ್ನುವ ಹಗುರ ತಾಳದ ಹಾಡು, ನಮ್ಮ ಕಛೇರಿ ಕೊನೆಯ ತುಕ್ಕಡಗಳ, ಅಂದರೆ ಚಿಕ್ಕ ಹಾಡುಗಳ ಹಾಗೆ. ನಡುನಡುವೆ 'ಅಮಾನ್', 'ಯಾರ್' ಅಂತ ತುರ್ಕಿ, ಪಾರ್ಸಿ ಪದಗಳು ಬರುತ್ತವೆ. ಯಾವ ಮಕಾಮಿಗೆ ಯಾವ ಏರಿಳಿತ ಅನ್ನುವುದು ಗುರುವಿನ ಬಾಯಿಂದಲೇ ಬರಬೇಕು.

ವಾದ್ಯಗಳೂ ಕೆಲವೇ. ಕೋಲಿನಿಂದ ಬಡಿದು ನುಡಿಸುವ ತಂತಿವಾದ್ಯ ಸಂತೂರ್, ಒಂದೆರಡು ಚರ್ಮವಾದ್ಯ, ಮತ್ತು ಕಮಾನಿನಿಂದ ನುಡಿಸುವ ಜೋಜಾ. ಜೋಜಾದ ಬುರುಡೆ ತೆಂಗಿನ ಗೆರಟೆಯದು! ಕರಾವಳಿಯವಳಾದ ನನಗೆ ಅದನ್ನು ತಿಳಿದು ಆದ ಸಂತೋಷ ಅಷ್ಟಿಷ್ಟಲ್ಲ. ಅದರ ದನಿ ತೆಳು, ಸ್ವಲ್ಪ ಮೂಗಿನಿಂದ ಬಂದ ಹಾಗೆ. ಹಾಡುವವರ ಹಿಂದೆಯೇ ನೆರಳಿನಂತೆ ಹೋಗುತ್ತದೆ. ವಾದ್ಯ ಕಡಿಮೆ ಇದ್ದದ್ದರಿಂದ ಆ ಗಾಂಧಾರ ಸ್ಪಷ್ಟವಾಗಿ ಕೇಳಿಸಿತು. ಎರಡು ವಾರದಲ್ಲಿ ಅದು ತಪ್ಪು ಅನಿಸುವುದು ನಿಂತುಹೋಯಿತು.

1932ರ ಆ ತಂಡದ ವಾದ್ಯಗಾರರಲ್ಲಿ ಹೆಚ್ಚಿನವರು ಬಾಗ್ದಾದಿನ ಯಹೂದಿಗಳು. 1950–51ರಲ್ಲಿ 1 ಲಕ್ಷಕ್ಕೂ ಹೆಚ್ಚು ಯಹೂದಿಗಳು ಇರಾಕ್ ಬಿಟ್ಟು ಇಸ್ರೇಲಿಗೆ ಹೋದರು. ಜೋಜಾ, ಸಂತೂರ್ ನುಡಿಸುತ್ತಿದ್ದ ಮನೆತನಗಳೂ ಹೊರಟುಹೋದವು. ಇದನ್ನು ತಿಳಿದ ಮೇಲೆ ಆ ಹಳೆಯ ರೆಕಾರ್ಡಿನ ಗರಗರ ಸದ್ದೂ ನನಗೆ ಬೇರೆಯಾಗಿ ಕೇಳಿಸುತ್ತದೆ.

ಮೂರನೆಯದು ಫೆಸ್. ಇಲ್ಲಿ ಅಮ್ಮನ ದೂರು ಬರಲೇ ಇಲ್ಲ, ಏಕೆಂದರೆ ಮೊರಾಕ್ಕೊದ ಆಂದಲೂಸಿ ಸಂಗೀತದಲ್ಲಿ ಆ ನಡುಸ್ವರಗಳಿಲ್ಲ. ಸ್ಪೇನಿನಲ್ಲಿ ಮುಸ್ಲಿಮರ ಆಳ್ವಿಕೆ ಇದ್ದಾಗ ಬೆಳೆದ ಪರಂಪರೆ ಇದು. 1492ರಲ್ಲಿ ಗ್ರನಾಡಾ ಬಿದ್ದ ಮೇಲೆ ಅಲ್ಲಿಂದ ಓಡಿಬಂದವರ ಜೊತೆ ಇನ್ನಷ್ಟು ಈ ಕಡೆ ಬಂತು. ಈಗ ಉಳಿದಿರುವುದು 11 ನೂಬಾಗಳು, ಅಂದರೆ ಹಾಡುಗಳ ದೊಡ್ಡ ಮಾಲಿಕೆಗಳು. ಒಂದೊಂದು ನೂಬಾದಲ್ಲೂ ಐದು ತಾಳಗಳ ಐದು ಭಾಗ. ಪ್ರತಿ ಭಾಗವೂ ನಿಧಾನವಾಗಿ ಶುರುವಾಗಿ ವೇಗ ಹಿಡಿಯುತ್ತದೆ. ಪಿಟೀಲನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಫೆಸ್‌ನ ಅಬ್ದುಲ್ ಕರೀಮ್ ರಾಯಿಸ್ ಅವರ ತಂಡದ ನುಡಿಸಾಣಿಕೆ ನಾನು ಜಾಸ್ತಿ ಕೇಳಿದ್ದು.

ಚೆನ್ನಾಗಿದೆ, ಆದರೆ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಎಲ್ಲರೂ ಒಟ್ಟಾಗಿ ಹಾಡುವುದೇ ಹೆಚ್ಚು. ಒಬ್ಬ ಹಾಡುಗಾರ ಒಂದು ಸ್ವರದ ಮೇಲೆ ನಿಂತು ಯೋಚಿಸುವುದು ಕಡಿಮೆ. ಭಜನಾ ಮಂಡಳಿಯಲ್ಲಿ ಕೂತು ಹಾಡಿದವರಿಗೆ ಇದು ನನಗಿಂತ ಬೇಗ ಇಷ್ಟವಾಗಬಹುದು.

ಹಾಗಾಗಿ ರಾಗ ಕೇಳಿ ಬೆಳೆದವರಿಗೆ ನಾನು ಹೇಳುವುದು ಬಾಗ್ದಾದ್. ಪೂರ್ತಿ ಬೇಡ, ಕುಬ್ಬಾಂಜಿಯವರ ಬರೀ ತಹ್ರೀರ್ ನಾಲ್ಕೈದು ಸಲ ಕೇಳಿ. ಗಾಂಧಾರ ಕಿವಿಯಲ್ಲಿ ಕೂತ ಮೇಲೆ ಕೈರೋಗೆ ಹೋಗಿ, ಆದರೆ ಉಮ್ ಕುಲ್ಸುಮ್ ಅವರ 1920ರ ದಶಕದ ರೆಕಾರ್ಡುಗಳಿಗೆ. ಆಗ ದೊಡ್ಡ ವಾದ್ಯವೃಂದ ಇರಲಿಲ್ಲ. ಮೀಟಿ ನುಡಿಸುವ ಒಂದು ಔದ್, ಒಂದು ಪಿಟೀಲು, ಕಾನೂನ್ ಎಂಬ ತಂತಿವಾದ್ಯ, ಅಷ್ಟರಲ್ಲೇ ಹಾಡುತ್ತಿದ್ದರು. ಅವರು ಸಾಲು ಮುಗಿಸಿದ ಅರೆಗಳಿಗೆಗೆ ಕಾನೂನ್ ಅದನ್ನೇ ಮೆಲ್ಲಗೆ ಹಿಂತಿರುಗಿ ನುಡಿಯುವುದು ಅಲ್ಲಿ ಕೇಳಿಸುತ್ತದೆ.