ಲಿಬ್ರೆಆಫೀಸ್ ರೈಟರ್: ಫೈಲ್ ಸರಿ, ಫಾಂಟಿನದೇ ತಕರಾರು

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಹತ್ತಿರ ಇರುವುದರಿಂದ ಪಿಎಚ್‌.ಡಿ. ಥೀಸಿಸ್‌ಗಳೇ ಜಾಸ್ತಿ. ನಮಗೆ ಸಿಗುವ ಪುಟದ ರೇಟಿನಲ್ಲಿ ವರ್ಷವರ್ಷ ವರ್ಡ್‌ಗೆ ಚಂದಾ ಕಟ್ಟುವುದು ಗಿಟ್ಟುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ, ವರ್ಡ್‌ನಂಥದೇ ಪುಕ್ಕಟೆ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್ ರೈಟರ್‌ಗೆ ಬಂದು ಕೆಲವು ವರ್ಷಗಳಾದವು. ಗಿರಾಕಿಗಳು, ಅವರ ಗೈಡ್‌ಗಳು ಎಲ್ಲರೂ ವರ್ಡ್‌ನವರೇ.

ಗೈಡ್ ಬರೆದ ಕಾಮೆಂಟು, ತಿದ್ದುಪಡಿಯ ಬಣ್ಣದ ಗೆರೆ, ಅಡಿಟಿಪ್ಪಣಿ ಎಲ್ಲ ನೆಟ್ಟಗೆ ಬರುತ್ತವೆ. ತಲೆ ಕೆಡಿಸುವುದು ಪುಟ. ಅವರಲ್ಲಿ 212ನೇ ಪುಟಕ್ಕೆ ಮುಗಿದ ಅಧ್ಯಾಯ ನನ್ನಲ್ಲಿ 215ಕ್ಕೆ ಮುಗಿಯುತ್ತದೆ. ಕೋಷ್ಟಕದ ಕೊನೆ ಸಾಲು ಮುಂದಿನ ಪುಟಕ್ಕೆ ಹಾರಿ ಒಂಟಿಯಾಗಿ ಕೂತಿರುತ್ತದೆ. ಸಂಜೆಗೆ ಫೋನು: "ಮೇಡಂ, ಪರಿವಿಡಿ ಎಲ್ಲಾ ತಪ್ಪಾಗಿದೆಯಲ್ಲಾ?"

ವರ್ಡ್‌ನ ಡಾಕ್‌ಎಕ್ಸ್ ಫೈಲಿನಲ್ಲಿ ಸಾಮಾನ್ಯವಾಗಿ ಫಾಂಟಿನ ಹೆಸರಿರುತ್ತದೆ, ಫಾಂಟು ಇರುವುದಿಲ್ಲ. ಅವರು ಟೈಪ್ ಮಾಡಿರುವುದು ತುಂಗಾದಲ್ಲಿ. ಅದು ವಿಂಡೋಸ್‌ನ ಫಾಂಟು. ನನ್ನಲ್ಲಿ ಇಲ್ಲದ್ದರಿಂದ ರೈಟರ್ ಬೇರೊಂದು ಕನ್ನಡ ಫಾಂಟು ಹಾಕಿ ತೋರಿಸುತ್ತದೆ. ಒತ್ತಕ್ಷರಕ್ಕೆಂದು ಕೆಳಗೆ ಬಿಡುವ ಜಾಗ ಒಂದೊಂದು ಫಾಂಟಿನಲ್ಲಿ ಒಂದೊಂದು ಥರ. ಸಾಲಿಗೆ ಒಂಚೂರು ಹೆಚ್ಚಾದರೂ ಪುಟದ ಕೊನೆಯಲ್ಲಿ ಎರಡು ಸಾಲು ಆಚೆ ಬೀಳುತ್ತವೆ. ಇಂಗ್ಲಿಷ್‌ಗೆ ಈ ಗೋಳು ಕಮ್ಮಿ. ಕ್ಯಾಲಿಬ್ರಿ ಬದಲು ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್ ಬದಲು ಲಿಬರೇಶನ್ ಸೆರಿಫ್ ಕೂರುತ್ತದೆ, ಅಕ್ಷರದ ಅಗಲ ಒಂದೇ. ಇನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೇ ನುಡಿ ಫಾಂಟಿನ ಫೈಲು ಬಂತೋ, ಆ ಫಾಂಟಿಲ್ಲದಿದ್ದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಈಗ ಕೆಲಸ ತಗೊಳ್ಳುವಾಗಲೇ ಷರತ್ತು: ನೋಟೊ ಸೆರಿಫ್ ಕನ್ನಡ ಇಬ್ಬರಲ್ಲೂ ಇರಬೇಕು. ಪುಕ್ಕಟೆ ಫಾಂಟು, ವಿಂಡೋಸ್‌ಗೂ ಹಾಕಿಕೊಳ್ಳಬಹುದು. ಅಲ್ಲಿಂದೀಚೆಗೆ ಜಗಳ ಒಂದೆರಡು ಸಾಲಿಗೆ ಇಳಿದಿದೆ.

ಇಷ್ಟೆಲ್ಲ ಬೈದರೂ ಬಿಡಲು ಮನಸ್ಸಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೀಬೋರ್ಡಿನಿಂದ ದೂರ ಇಟ್ಟು ಮೊದಲು ಎಫ್11 ಒತ್ತುತ್ತೇನೆ. ಸ್ಟೈಲ್‌ಗಳ ಪಟ್ಟಿ ತೆರೆಯುತ್ತದೆ. ಹುಡುಗರು ಸ್ಪೇಸ್‌ಬಾರ್ ಕುಟ್ಟಿ ಕುಟ್ಟಿ ನಡುವಿಗೆ ತಂದ ತಲೆಬರಹಗಳನ್ನೆಲ್ಲ ಹೆಡಿಂಗ್ 1, ಹೆಡಿಂಗ್ 2 ಮಾಡುತ್ತಾ ಹೋಗುತ್ತೇನೆ. (ಸ್ಟೈಲ್‌ನಲ್ಲಿ ಕನ್ನಡ ಫಾಂಟು, ಸೈಜು ಎರಡನ್ನೂ ಕನ್ನಡದಂಥ ಲಿಪಿಗಳಿಗಿರುವ ಸಿಟಿಎಲ್ ಅನ್ನುವ ಕಡೆ ಹಾಕಿ. ವೆಸ್ಟರ್ನ್ ಅನ್ನುವಲ್ಲಿ ಹಾಕಿದರೆ ಕನ್ನಡ ಕದಲುವುದಿಲ್ಲ.) ಆಮೇಲೆ ಎಫ್5. ಇಡೀ ಥೀಸಿಸ್ ಅಧ್ಯಾಯಗಳ ಪಟ್ಟಿಯಾಗಿ ಬರುತ್ತದೆ. "ಎರಡನೇ ಅಧ್ಯಾಯ ನಾಲ್ಕಕ್ಕೆ ಹಾಕಿ" ಅಂದರೆ ಸುಮ್ನೆ ಎಳೆದು ಬಿಟ್ಟರಾಯಿತು, ಅಡಿಟಿಪ್ಪಣಿ ಸಮೇತ ಹೋಗುತ್ತದೆ. ಪರಿವಿಡಿಯ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್, ಮುಗೀತು.

ಕೆಲಸದ ಪ್ರತಿ ರೈಟರ್‌ನ ಸ್ವಂತ ರೂಪವಾದ ಒಡಿಟಿಯಲ್ಲೇ ಇಡುತ್ತೇನೆ, ಡಾಕ್‌ಎಕ್ಸ್ ಗೈಡ್‌ಗೆ ಕಳಿಸಲಿಕ್ಕೆ ಮಾತ್ರ. ಬೈಂಡಿಂಗ್‌ಗೆ ಪಿಡಿಎಫ್. ಅದನ್ನು ಮಾಡುವಾಗ ಹೈಬ್ರಿಡ್ ಅಂತ ಒಂದು ಟಿಕ್ ಇದೆ. ಹಾಕಿದರೆ ಮೂಲ ಫೈಲೂ ಪಿಡಿಎಫ್ ಒಳಗೇ ಕೂರುತ್ತದೆ. ಕೊನೇ ಗಳಿಗೆಯಲ್ಲಿ ಒಂದು ದೀರ್ಘ ಬಿಟ್ಟಿದೆ ಅಂದರೆ ಅದೇ ಪಿಡಿಎಫ್ ರೈಟರ್‌ನಲ್ಲಿ ತೆರೆದು ತಿದ್ದಬಹುದು.

ನನ್ನಂಥವರಿಗೆ ಧಾರಾಳವಾಗಿ ಸಾಕು. ಇಬ್ಬರು ಒಂದೇ ಫೈಲನ್ನು ದಿನವಿಡೀ ಅತ್ತಿಂದಿತ್ತ ಕಳಿಸುವ ಕೆಲಸವಾದರೆ ಮಾತ್ರ, ರೈಟರೋ ವರ್ಡೋ, ಇಬ್ಬರೂ ಒಂದನ್ನೇ ಇಟ್ಟುಕೊಳ್ಳಿ.