ಪಿಲ್ಲೋ ಟಿಕಿಂಗ್ ಪ್ಯಾಚ್: .50 ಕ್ಯಾಲಿಬರ್ ರೈಫಲ್ಲಿನಲ್ಲಿ ಮೂರು ಸೀಸನ್ ಬಳಸಿದ ಮೇಲೆ

ಅಮೆರಿಕದಲ್ಲಿ ದಿಂಬು, ಹಾಸಿಗೆಗಳ ಗವಸಿಗೆಂದು ಮಾರುವ ನೀಲಿ-ಬಿಳಿ ಪಟ್ಟೆಯ ಒತ್ತು ನೇಯ್ಗೆಯ ಹತ್ತಿ ಬಟ್ಟೆಯೇ ಪಿಲ್ಲೋ ಟಿಕಿಂಗ್. ಮೂತಿಯಿಂದ ಮದ್ದು ತುಂಬುವ ರೈಫಲ್ಲಿನವರು ದುಂಡು ಗುಂಡಿಗೆ ಸುತ್ತುವ ತುಂಡಿಗೆ, ಅಂದರೆ ಪ್ಯಾಚಿಗೆ, ಇದನ್ನು ಬಹುಕಾಲದಿಂದ ನೆಚ್ಚಿಕೊಂಡಿದ್ದಾರೆ. ನನ್ನ ಮಟ್ಟಿಗೆ, ಕತ್ತರಿಸಿ ಪ್ಯಾಕೆಟ್‌ನಲ್ಲಿ ಬರುವ ಪ್ಯಾಚ್‌ಗಳಿಗಿಂತ ಇದೇ ಮೇಲು. ಆದರೆ ಎಲ್ಲ ನಳಿಗೆಗೂ ಹೊಂದುವುದಿಲ್ಲ.

‘.50ಕ್ಕೆ ಎಷ್ಟು ದಪ್ಪ?’ ಎಂದು ಕೇಳುವವರು ಮೊದಲು ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳ ಆಳ ತಿಳಿದುಕೊಳ್ಳಬೇಕು. ಇಂಚಿನ ಸಾವಿರದ ಒಂದು ಭಾಗವನ್ನು ವರ್ಕ್‌ಶಾಪಿನವರಂತೆ ‘ಥೌ’ ಎನ್ನೋಣ. ನಳಿಗೆಯ ಒಳವ್ಯಾಸ 500 ಥೌ, ಗುಂಡು 490 ಥೌ ಇದ್ದರೆ ಏಣಿನ (ಎರಡು ತೋಡುಗಳ ನಡುವಿನ ಉಬ್ಬು) ಬಳಿ ಪ್ರತಿ ಬದಿಗೆ 5 ಥೌ ಸಂದು. ತೋಡಿನ ಆಳ 10 ಥೌ ಆದರೆ ತೋಡಿನ ತಳಕ್ಕೆ ಸಂದು 15 ಥೌ. ಬಟ್ಟೆ ಈ 15ನ್ನು ತುಂಬಿ ಸ್ವಲ್ಪ ಮಿಗಬೇಕು. ಇಲ್ಲದಿದ್ದರೆ ತೋಡಿನೊಳಗಿಂದ ಉರಿ ಮುಂದಕ್ಕೆ ನುಗ್ಗಿ ಬಟ್ಟೆಯನ್ನು ಸುಡುತ್ತದೆ. 18 ಥೌ ಟಿಕಿಂಗ್ ಇಲ್ಲಿ ಹೇಳಿ ಮಾಡಿಸಿದ ಹಾಗೆ. ಗುಂಡನ್ನು 495ಕ್ಕೆ ಏರಿಸಿದರೆ ತಳದ ಸಂದು 12.5 ಥೌಗೆ ಇಳಿಯುತ್ತದೆ. ಆಗ 15 ಥೌ ಬಟ್ಟೆ ಸಾಕು. ಶಂಕುಗುಂಡೂ ಹೋಗಲೆಂದು ಮಾಡಿದ, 5 ಥೌ ಆಸುಪಾಸಿನ ತೆಳು ತೋಡಿನ ನಳಿಗೆಗಳಲ್ಲಿ 490 ಗುಂಡಿನ ಜೊತೆ 18 ಥೌ ಬಟ್ಟೆ ಬಿಗಿಯಾಗುತ್ತದೆ. (ನಮ್ಮ ಮಲೆನಾಡಿನ ಕೇಪಿನ ಕೋವಿಗಳಲ್ಲಿ ಬಹುಪಾಲು ನುಣುಪು ನಳಿಗೆಯವು. ತೋಡೇ ಇಲ್ಲದ ಮೇಲೆ ಈ ಲೆಕ್ಕ ಅವಕ್ಕಲ್ಲ.)

ಅಂಗಡಿಯಲ್ಲಿ ಬರೆದಿರುವ ದಪ್ಪವನ್ನು ನಂಬಬೇಡಿ. ಕ್ಯಾಲಿಪರ್‌ನ ದವಡೆಯಲ್ಲಿ ಹಿಡಿದು, ಬಟ್ಟೆ ಇನ್ನು ಅದುಮದು ಎನ್ನುವಷ್ಟು ಬಿಗಿಮಾಡಿ ಅಳೆಯಿರಿ. ಸಡಿಲವಾಗಿ ಅಳೆದರೆ ಮೂರ್ನಾಲ್ಕು ಥೌ ಸುಲಭವಾಗಿ ತಪ್ಪುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಮತ್ತೆ ಅಳೆಯಿರಿ. ನೂಲು ಕುಗ್ಗಿ ದಪ್ಪ ತುಸು ಏರಿರುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಬೇಡವೇ ಬೇಡ, ಕರಗಿ ನಳಿಗೆಗೆ ಅಂಟುತ್ತದೆ. ಅನುಮಾನವಿದ್ದರೆ ಒಂದು ನೂಲನ್ನು ಸುಟ್ಟು ನೋಡಿ: ಹತ್ತಿ ಮೆದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ.

ಬಟ್ಟೆ ಸರಿಯೋ ತಪ್ಪೋ ಎಂಬುದನ್ನು ಹಾರಿಬಿದ್ದ ಪ್ಯಾಚ್‌ಗಳೇ ಹೇಳುತ್ತವೆ. ಐದು ಈಡು ಹೊಡೆದು, ರೇಂಜ್ ತೆರವಾದ ಮೇಲೆ ಮೂತಿಯ ಮುಂದೆ ಹುಡುಕಿ. ಸಾಮಾನ್ಯವಾಗಿ ಐದರಿಂದ ಹದಿನೈದು ಗಜದೊಳಗೆ ಸಿಗುತ್ತವೆ. ನಡುವೆ ಮಸಿ ಬಣ್ಣದ ವೃತ್ತ, ಸುತ್ತ ಏಣುಗಳ ಗುರುತು, ಅಂಚು ತುಸು ಎಳೆಬಿಟ್ಟಿದ್ದರೆ ಚಿಂತೆಯಿಲ್ಲ. ವೃತ್ತದ ಅಂಚಿನಲ್ಲಿ ಸುಟ್ಟ ತೂತುಗಳಿದ್ದರೆ ಬಟ್ಟೆ ತೆಳು, ಇಲ್ಲವೇ ಅದಕ್ಕೆ ಹಚ್ಚಿದ ಜಿಡ್ಡು ಕಡಿಮೆ. ಏಣಿನ ಸಾಲಿನಲ್ಲೇ ಬ್ಲೇಡಿನಿಂದ ಕೊಯ್ದಂತೆ ಸೀಳಿದ್ದರೆ ಅದು ದಪ್ಪದ ದೋಷವಲ್ಲ, ಹೊಸ ನಳಿಗೆಯ ಮೂತಿ ಅಥವಾ ಏಣು ಹರಿತವಾಗಿದೆ. ಇಲ್ಲಿಯೇ ಹಲವರು ಎಡವುವುದು: ಸೀಳು ಕಂಡು ಇನ್ನೂ ದಪ್ಪ ಬಟ್ಟೆ ಹಾಕುತ್ತಾರೆ, ಅದು ಇನ್ನಷ್ಟು ಸೀಳುತ್ತದೆ. ರೈಫಲ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, 320 ಮತ್ತು ಆಮೇಲೆ 400 ನಂಬರಿನ ಒದ್ದೆ ಮರಳು ಕಾಗದವನ್ನು ಮೂತಿಯಲ್ಲಿಟ್ಟು ಹೆಬ್ಬೆರಳಿನಿಂದ ಸುತ್ತಲೂ ಸಮನಾಗಿ ತಿರುಗಿಸಿ ಆ ಹರಿತ ತೆಗೆಯಬೇಕು.

ಜಿಡ್ಡಿನ ವಿಷಯ ಚಿಕ್ಕದು. ರೇಂಜಿನಲ್ಲಿ ಒಂದು ಪಾಲು ಬ್ಯಾಲಿಸ್ಟಾಲ್‌ಗೆ (ನೀರಿನಲ್ಲಿ ಬೆರೆಯುವ ಕೋವಿ ಎಣ್ಣೆ) ಆರೇಳು ಪಾಲು ನೀರು. ಬೇಟೆಯಲ್ಲಿ ಗಂಟೆಗಟ್ಟಲೆ ಈಡು ಒಳಗೇ ಇರುವುದರಿಂದ ನೀರಿನಂಶ ಬೇಡ, ಮದ್ದು ತೇವವಾಗುತ್ತದೆ, ನಳಿಗೆ ತುಕ್ಕು ಹಿಡಿಯುತ್ತದೆ. ಆಗ ಜೇನುಮೇಣ ಬೆರೆಸಿದ ಪ್ರಾಣಿಕೊಬ್ಬು.

ಕೊರತೆ? ಗುಂಡನ್ನು ಮೂತಿಯೊಳಗೆ ಇಳಿಸಲು ಗಿಡ್ಡ ಸ್ಟಾರ್ಟರ್ (ಹಿಡಿಯಿರುವ ಪುಟ್ಟ ತಳ್ಳುಕೋಲು) ಬೇಕೇಬೇಕು, ಬರೀ ಹೆಬ್ಬೆರಳಿನಿಂದ ಆಗದು. ಅಂಗೈಯ ಒಂದು ಪೆಟ್ಟು ಸರಿ, ಸುತ್ತಿಗೆ ಬೇಕೆನಿಸಿದರೆ ಬಟ್ಟೆ ದಪ್ಪ ಹೆಚ್ಚಾಯಿತು, ಮೆದು ಸೀಸ ಚಪ್ಪಟೆಯಾಗುತ್ತದೆ. ನಾಲ್ಕೈದು ಈಡಿನ ಬಳಿಕ ಮಸಿ ಕಟ್ಟಿ ಬಿಗಿಯಾದಾಗ ಜೋರಾಗಿ ತಳ್ಳದೆ ಮೊದಲು ನಳಿಗೆ ಒರೆಸಿ. ಗುಂಡನ್ನು ತಳಕ್ಕೆ ತಳ್ಳುವ ಮರದ ಜಡಿಕೋಲನ್ನು ಮೂತಿಯಿಂದ ಆರೇಳು ಇಂಚಿನಷ್ಟೇ ಮೇಲೆ ಹಿಡಿದು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಉದ್ದಕ್ಕೆ ಹಿಡಿದರೆ ಕೋಲು ಓರೆಯಾಗಿ ಸೀಳಿ ಅಂಗೈಗೆ ಇಳಿಯುತ್ತದೆ. ಗುಂಡು ಮದ್ದಿಗೆ ತಾಗಿ ಕೂತಾಗ ಕೋಲಿನ ಮೇಲೆ ಗುರುತು ಹಾಕಿಟ್ಟುಕೊಳ್ಳಿ. ಗುರುತಿಗೆ ಇಳಿಯದೆ, ನಡುವೆ ಜಾಗ ಉಳಿದು ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸಿಡಿಯಲೂಬಹುದು.

ಜಿಡ್ಡು ಹಚ್ಚಿಟ್ಟ ಹಳೆಯ ಪ್ಯಾಚ್‌ಗಳನ್ನು ಬಳಸುವ ಮುನ್ನ ಒಂದನ್ನು ಎರಡೂ ಕೈಯಿಂದ ಜಗ್ಗಿ ನೋಡಿ. ಸುಲಭವಾಗಿ ಹರಿದರೆ ಹತ್ತಿ ಲಡ್ಡಾಗಿದೆ ಎಂದರ್ಥ. ದಪ್ಪ ಎಷ್ಟೇ ಸರಿಯಿದ್ದರೂ ಒಳಗೆ ಸುಟ್ಟುಹೋಗುತ್ತದೆ, ಆ ಡಬ್ಬಿಯನ್ನು ಪೂರ್ತಿ ಎಸೆಯಿರಿ.